ಹದಿನೈದು ಕುರಿ, ಮೂರು ಹುಲಿ

ನನಗಾಗ ಹನ್ನೊಂದು ವರ್ಷ. ಅರವತ್ತು ವರ್ಷದ ಹಿಂದಿನ ಮಾತು. ಆ ಕಾಲ ಬಹಳ ಚೆನ್ನಾಗಿತ್ತು ಅಂತ ಎಲ್ಲರೂ ಬರೆಯುತ್ತಾರೆ. ನಾನು ಬರೆಯುವುದಿಲ್ಲ. ನನಗೆ ಬರೆಯಲು ಬರುವುದೇ ನಾಲ್ಕನೇ ಕ್ಲಾಸಿನಷ್ಟು. ಇಷ್ಟು ಬರೆಯಲು ಮೂರು ದಿನ ಹಿಡಿಯಿತು.

ಮೊನ್ನೆ ಮೊಮ್ಮಗಳು ಗೆಳತಿಯ ಜೊತೆ ಮೇಜಿನ ಮೇಲೆ ಆಕಾಶದ ಹಡಗುಗಳ ಆಟ ಹರಡಿಕೊಂಡು ಕೂತಿದ್ದಳು. ಒಬ್ಬಳದು ಒಂದೇ ದೊಡ್ಡ ಹಡಗು, ಇನ್ನೊಬ್ಬಳದು ಸಣ್ಣವು ಎಂಟು. ಆಟಕ್ಕಿಂತ ಜಗಳವೇ ಹೆಚ್ಚು.

"ದೊಡ್ಡದೊಂದಕ್ಕೆ ಸಣ್ಣವು ಎಷ್ಟು ಕೊಟ್ರೆ ಸಮ ಆಗುತ್ತೆ ಅಂತ ನೋಡ್ತಿದೀವಜ್ಜಿ."

"ಆ ಲೆಕ್ಕ ಹಾಕೋರು ಯಾರೇ?"

"ಇಬ್ರೂ ಕೂತು ಹಾಕ್ತೀವಿ."

ನಾನು ಪೆನ್ನು ಹುಡುಕಲು ಎದ್ದೆ.

ನಮ್ಮದು ಹುಲಿ-ಕುರಿ. ಚಂದ್ರಗುತ್ತಿ ಹತ್ತಿರದ ನಮ್ಮೂರಲ್ಲಿ, ಮನೆ ಜಗಲಿಯ ಕಲ್ಲಿನ ಮೇಲೆ ಆಟದ ಗೆರೆ ಕೆತ್ತಿದ್ದರು. ಮೂರು ಇದ್ದಿಲ ಚೂರು ಹುಲಿ, ಹದಿನೈದು ಹುರಿದ ಹುಣಸೆ ಬೀಜ ಕುರಿ. ಹುಲಿ ಕುರಿಯನ್ನು ಹಾರಿದರೆ ಆ ಬೀಜವನ್ನು ಹುಲಿಯವನು ಬಾಯಿಗೆ ಹಾಕಿಕೊಳ್ಳಬೇಕು. ಅದು ನಮ್ಮನೆ ಪದ್ಧತಿ. ಹುಲಿಗಳು ಅಲ್ಲಾಡದಂತೆ ಸುತ್ತ ಕಟ್ಟಿಹಾಕಿದರೆ ಕುರಿಯವರು ಗೆದ್ದಂತೆ. ಅಣ್ಣ ಯಾವಾಗಲೂ ಹುಲಿ, ಅವನಿಗೆ ಬೀಜ ತಿನ್ನುವ ಆಸೆ. ನಾನು ಕುರಿ. ಕುರಿಯನ್ನು ಒಂಟಿ ಬಿಡಬಾರದು, ಬೆನ್ನಿಗೆ ಇನ್ನೊಂದನ್ನು ಇಡುತ್ತ ಹೋಗಬೇಕು ಅನ್ನುವುದು ಆ ಬೇಸಿಗೆಯಲ್ಲಿ ನನ್ನ ಕೈಗೆ ಹತ್ತಿತ್ತು.

ಊರ ಶಾಲೆ ನಾಲ್ಕನೇ ಕ್ಲಾಸಿಗೆ ಮುಗಿಯುತ್ತಿತ್ತು. ಅಣ್ಣ ಒಂದು ವರ್ಷ ಡುಮ್ಕಿ ಹೊಡೆದು ನನ್ನ ಕ್ಲಾಸಿಗೇ ಬಂದಿದ್ದ. ಇಬ್ಬರದೂ ಒಟ್ಟಿಗೇ ಮುಗಿಯಿತು. ಶಿಕಾರಿಪುರದ ಸೋದರಮಾವ ಬಂದ.

"ಒಬ್ರನ್ನ ನಮ್ಮನೇಲಿಟ್ಕೊಂಡು ಓದಿಸ್ತೀನಿ ಭಾವ, ಇಬ್ರನ್ನ ಆಗಂಗಿಲ್ಲ ನೋಡ್ರಿ."

"ಗಿರಿಜನೇ ಚುರುಕು," ಅಂತ ಅಮ್ಮ ಒಳಗಿಂದಲೇ ನನ್ನ ಹೆಸರು ಹೇಳಿದಳು.

ಅಪ್ಪಯ್ಯ ನಕ್ಕ. "ಹಂಗಾರೆ ಹುಲಿ-ಕುರಿ ಆಡ್ಲಿ. ಗೆದ್ದೋರು ಹೋಗ್ಲಿ."

ಆಡಿದೆವು. ಅಣ್ಣ ಎರಡು ಬೀಜ ತಿಂದ, ಅಷ್ಟೆ. ಆಮೇಲೆ ಅವನ ಮೂರು ಹುಲಿಗೂ ಕಾಲಿಡಲು ಜಾಗವಿರಲಿಲ್ಲ.

"ಏನಲೇ, ಹುಲಿ ಆಗಿ ಕುರಿ ಕೈಲಿ ಸಿಕ್ಕಾಕ್ಕೊಂಡ್ಯಲ್ಲೋ!" ಅಂತ ಮಾವ ತೊಡೆ ತಟ್ಟಿದ. ಅಣ್ಣ ಅಳತೊಡಗಿದ.

ಅಪ್ಪಯ್ಯ ಕಲ್ಲಿನ ಮೇಲಿನದನ್ನೆಲ್ಲ ಕೈಯಿಂದ ಗುಡಿಸಿದ. "ಹದಿನೈದು ಜಾಸ್ತಿ ಆತು. ಅವನ ಕಡೆ ಇರೋದು ಮೂರೇ. ಸಮ ಮಾಡ್ಕಂಡು ಆಡಿ." ಮತ್ತೆ ಹದಿನೈದು ಬೀಜ ಎಣಿಸಿ, ಅದರಲ್ಲಿ ಮೂರನ್ನು ತನ್ನ ಬಾಯಿಗೇ ಹಾಕಿಕೊಂಡು ಕಟಕಟ ಅಗಿದ.

"ಯಾವಾಗ್ಲೂ ಹದಿನೈದೇ ಅಲ್ವ ಅಪ್ಪಯ್ಯ?"

"ಬಾಯಿ ಮಾಡ್ಬೇಡ. ಆಡು."

ಹನ್ನೆರಡು ಕುರಿಯಲ್ಲಿ ಮೂರು ಹುಲಿ ಕಟ್ಟಲು ನನ್ನ ಕೈಲಿ ಆಗಲಿಲ್ಲ. ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ತೆರೆದುಕೊಳ್ಳುತ್ತಿತ್ತು. ಅಣ್ಣ ಮೂಗು ಒರೆಸಿಕೊಳ್ಳುತ್ತ ಒಂದೊಂದೇ ತಿಂದ. ಮಾವ ತನ್ನ ಚಪ್ಪಲಿ ನೋಡುತ್ತ ಕೂತ. ಅಮ್ಮ ಹೊರಗೆ ಬರಲಿಲ್ಲ.

"ಈಗ ಸಮ ಆತು ನೋಡು," ಅಂದ ಅಪ್ಪಯ್ಯ.

ಅಣ್ಣ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಬಂದ. ಆಗಲೂ ಯಾರೂ ನನ್ನ ಹೆಸರು ಎತ್ತಲಿಲ್ಲ. ಅಪ್ಪಯ್ಯ ಸತ್ತಾಗ ಅತ್ತಿದ್ದೇನೆ, ಅದು ಬೇರೆ. ಜಗಲಿಯ ಕಲ್ಲು ಹೋಯಿತು, ಅದರ ದುಃಖ ನನಗಿಲ್ಲ. ಇವತ್ತಿಗೂ ಕಚೇರಿಯಿಂದ ಕಾಗದ ಬಂದರೆ ಅದರ ಭಾಷೆ ನನಗೆ ಹತ್ತುವುದಿಲ್ಲ, ಇನ್ನೊಬ್ಬರ ಕೈಲಿ ಓದಿಸಬೇಕು. ಅವರು ಓದಿದ್ದೇ ನಿಜ ಅಂದುಕೊಂಡು ಹೆಬ್ಬೆಟ್ಟಿನ ಬದಲು ಸಹಿ ಹಾಕುತ್ತೇನೆ. ನಾನು ಕಲಿತದ್ದರಿಂದ ಆದ ಉಪಯೋಗ ಅಷ್ಟು.

ಆ ಆಟದ ಮರುದಿನ ಬೆಳಿಗ್ಗೆ ಅಣ್ಣನ ಟ್ರಂಕನ್ನು ತಲೆ ಮೇಲೆ ಹೊತ್ತು ಬಸ್ಸಿನ ತನಕ ನಡೆದೆ. ಕಂಡಕ್ಟರ್ ನನ್ನ ಕಡೆ ನೋಡಿ, "ಬೇಗ ಹತ್ತಮ್ಮ," ಅಂದ. ಟ್ರಂಕನ್ನು ಮೇಲಕ್ಕೆ ಕೊಟ್ಟು ಹಿಂದೆ ಸರಿದೆ.