ಜಯತ್ತೆಯ ಕಾವಲು

ಗಂಜಿ ಹಾಕಿದ ಬಟ್ಟೆಯ ಮೇಲೆ ಕಾದ ಇಸ್ತ್ರಿಪೆಟ್ಟಿಗೆ ಇಟ್ಟಾಗ ಏಳುವ ವಾಸನೆ ಇದೆಯಲ್ಲ, ಅದು ಮೂಗಿಗೆ ಬಿದ್ದರೆ ಈಗಲೂ ನಾನು ಹಿಂದೆ ತಿರುಗಿ ನೋಡುತ್ತೇನೆ. ಬಸ್ತಿಹಳ್ಳಿಯ ನಮ್ಮ ಹೆಂಚಿನ ಮನೆಯ ಪಡಸಾಲೆಯಲ್ಲಿ ದಿನಾ ಬೆಳಗ್ಗೆ ಅಪ್ಪನ ಅಕ್ಕ ಜಯತ್ತೆ ತನ್ನ ಖಾಕಿಗೆ ಇಸ್ತ್ರಿ ಮಾಡುತ್ತಿದ್ದಳು. ಮದುವೆಯಾಗದೆ ನಮ್ಮ ಜೊತೆಗೇ ಇದ್ದ ಅವಳು ಪೊಲೀಸ್ ಪೇದೆ. ಕೆರೆಯಲ್ಲೋ ತೋಟದಲ್ಲೋ ಹೆಣ ಸಿಕ್ಕರೆ, ಮಹಜರು ಮುಗಿಯುವವರೆಗೆ ಒಬ್ಬರು ಕಾಯಬೇಕು. ಸರಿಯಾಗಿ ಆ ಹೊತ್ತಿಗೇ ಮೀಸೆ ಹೊತ್ತ ಗಂಡಸರಿಗೆಲ್ಲ ಹೊಟ್ಟೆನೋವು ಬರುತ್ತಿತ್ತು. ಅತ್ತೆ ಮಾತ್ರ ತಾನಾಗಿ ಕೇಳಿ ಹೋಗುತ್ತಿದ್ದಳು. 'ಹೆಣ ಕಾಯೋ ಜಯಮ್ಮ' ಎಂದು ಊರು ಅವಳಿಗೆ ಹೆಸರಿಟ್ಟಿತ್ತು.

ನನಗೆ ಹತ್ತೋ ಹನ್ನೊಂದೋ ಇರಬೇಕು. ಒಂದು ಭಾನುವಾರ ನಡುಮಧ್ಯಾಹ್ನ ಅತ್ತೆಗೆ ಬುತ್ತಿ ಹಿಡಿದು ಹಳೇಬೀಡಿನ ಕೆರೆ ಏರಿಗೆ ಹೋದೆ. ಹೊಂಗೆ ಮರದ ಕೆಳಗೆ ಚಾಪೆ ಹೊದಿಸಿದ ಒಬ್ಬ ಅಜ್ಜಿಯ ಹೆಣ; ಯಾವ ಊರಿನವಳೋ ಯಾರಿಗೂ ಗೊತ್ತಿಲ್ಲ. ಗಾಳಿಯಿಲ್ಲ, ಒಂದು ಹಕ್ಕಿಯ ಸದ್ದೂ ಇಲ್ಲ. ಪಕ್ಕದಲ್ಲಿ ಕೂತ ಅತ್ತೆ, ಮನೆಗೆ ಬಂದ ನೆಂಟರನ್ನು ಮಾತಾಡಿಸುವವಳಂತೆ ಹೇಳುತ್ತಿದ್ದಳು: "ಬತ್ತವ್ರೆ ಕಣವ್ವ, ನಿನ್ ಕಡೆಯೋರು ದಾರೀಲವ್ರೆ. ಅಲ್ಲೀಗಂಟ ನಾನಿದೀನಿ." ಆಮೇಲೆ ಸುಮ್ಮನಾಗಿ, ಏನೋ ಕೇಳಿಸಿಕೊಂಡವಳಂತೆ, "ಹ್ಞೂಂ" ಎಂದಳು.

ಅವತ್ತು ಸಂಜೆ ಮನೆ ಮುಂದೆ ಬಂದು ನಿಂತ ಅತ್ತೆ ಹಿಂದಕ್ಕೆ ತಿರುಗಿ, "ಇಲ್ಲೀಗಂಟ ಬಂದಿದ್ದು ಸಾಕು, ಹೋಗವ್ವ" ಎಂದಳು. ರಸ್ತೆ ಖಾಲಿ. ಆದರೆ ನಮ್ಮ ನಾಯಿ ಬಾಲ ಆಡಿಸುತ್ತಾ, ಯಾರನ್ನೋ ಬೀಳ್ಕೊಡುವಂತೆ ತಿರುವಿನವರೆಗೂ ಕಣ್ಣು ಹಾಯಿಸಿತು.

ಯಾಕತ್ತೆ ಹೀಗೆ ಮಾಡ್ತೀಯ ಎಂದು ಪೀಡಿಸಿದ್ದಕ್ಕೆ ಹೇಳಿದಳು. ಚಿಕ್ಕವಳಿದ್ದಾಗ ಅವಳ ಕಿರಿಯ ತಮ್ಮ ಹುಲಿಕೆರೆಯ ಕಲ್ಯಾಣಿಯಲ್ಲಿ ಮುಳುಗಿ ಸತ್ತಿದ್ದ. ಹೆಣವನ್ನು ಮೆಟ್ಟಿಲ ಮೇಲೆ ಮಲಗಿಸಿ, ಇವಳನ್ನು ಕಾಯಲು ಬಿಟ್ಟು, ದೊಡ್ಡವರು ತಾತನನ್ನು ಕರೆತರಲು ಓಡಿದ್ದರು. ಇವಳು ಹೆದರಿ ಎದ್ದು ಓಡಿದ್ದಳು. "ನಾನು ಓಡೋವಾಗ ಅವನ ಮಕ ನೀರಿನ ಕಡೆ ಇತ್ತು ಕಣೇ. ಎಲ್ಲಾರ ಜೊತೆ ವಾಪಸ್ ಬಂದಾಗ ನಾನು ಹತ್ತೋದ ಮೆಟ್ಲ ಕಡೆ ತಿರುಗಿತ್ತು." ನನ್ನ ಕೈ ಹಿಡಿದಳು. "ನನ್ ಸರದಿ ಬಂದಾಗ ನೀನು ಎದ್ದೋಗ್ಬ್ಯಾಡ." ಆಣೆ ಮಾಡಿದೆ. ಮಕ್ಕಳ ಆಣೆ ಎಷ್ಟು ಸಲೀಸು, ನಿಮಗೂ ಗೊತ್ತಲ್ಲ.

ಆಮೇಲೆ ಆ ಮನೆ ಬಿತ್ತು. ಅಪ್ಪ ಹೋದರು. ಅತ್ತೆಯ ಖಾಕಿ ಪೆಟ್ಟಿಗೆ ಸೇರಿತು. ಅವಳು ತೀರಿಕೊಂಡದ್ದು ಅರಸೀಕೆರೆಯ ಆಸ್ಪತ್ರೆಯೊಂದರಲ್ಲಿ, ಬೆಳಗಿನ ಹೊತ್ತು. ನನ್ನ ತಮ್ಮ ಗಾಡಿ ತರಲು ಹೋದ, ನಾನು ಕೂತೆ. ಅವಳ ಮುಖ ಗೋಡೆಯ ಕಡೆಗಿತ್ತು. ಹೆದರಿಕೆಯಾಗಲಿಲ್ಲ ಅಂದರೆ ಸುಳ್ಳು. ಟೀ ಕುಡಿದು ಬರುತ್ತೇನೆ ಎಂದು ಎದ್ದು ಹೊರಗೆ ಹೋದೆ; ಅದು ಬರೀ ನೆಪ. ಹತ್ತು ನಿಮಿಷ, ಅಷ್ಟೇ. ವಾಪಸ್ ಬಂದಾಗ ಹೊರಗೆ ನೆಲ ಒರೆಸುತ್ತಿದ್ದ ಆಯಾ, "ಯಾರೂ ಒಳಗೆ ಹೋಗಿಲ್ಲಮ್ಮ" ಎಂದಳು.

ಅತ್ತೆಯ ಮುಖ ಬಾಗಿಲ ಕಡೆ ತಿರುಗಿತ್ತು.

"ಬಂದೆ ಕಣತ್ತೆ" ಎಂದು ಪಕ್ಕದಲ್ಲಿ ಕೂತೆ. ಗಾಡಿ ಬರುವವರೆಗೂ ಮಾತಾಡುತ್ತಲೇ ಇದ್ದೆ. ನಡುನಡುವೆ ನಿಲ್ಲಿಸಿ, ಅವಳ ಹಾಗೆಯೇ ಕಿವಿಗೊಟ್ಟೆ. ಜಯತ್ತೆ ನನ್ನ ಜೊತೆ ಒಂದು ಮಾತೂ ಆಡಲಿಲ್ಲ.