ಮೇಕೆಗೆ ಹೇಳಿದ ಬ್ರೇಕ್ ಎಣ್ಣೆ

ನಮ್ಮ ಸೋದರಮಾವ ಮೂವತ್ತೊಂದು ವರ್ಷ ಗಡಿಯಾರ ರಿಪೇರಿ ಮಾಡಿದವರು. ಅವರ ಕೈಯಿಂದ ಹೊರಟ ಗಡಿಯಾರ ದಿನಕ್ಕೆ ಐದು ಸೆಕೆಂಡು ಕೂಡ ತಪ್ಪುತ್ತಿರಲಿಲ್ಲ. ಅವರು ಮಾತ್ರ ಯಾವ ಕೆಲಸ ಹೇಳಿದರೂ ‘ಆಮೇಲೆ’ ಎನ್ನುತ್ತಿದ್ದರು. ಹೀಗಾಗಿ ಮನೆಮಂದಿಗೆಲ್ಲ ಅವರು ಆಮೇಲೆಮಾವ.

ಅಂಗಡಿ ಮುಚ್ಚಿದ ಮೇಲೆ ಅತ್ತೆಯ ಸಸಿತೋಟಕ್ಕೆಂದು ಒಂದು ಹಳೆಯ ಗಾಡಿ ಕೊಂಡರು. ಮುಂದೆ ಇಬ್ಬರಿಗೆ ಸೀಟು, ಹಿಂದೆ ಸಾಮಾನು ಹೇರುವ ತೊಟ್ಟಿ, ನಾಲ್ಕು ದಪ್ಪ ಚಕ್ರ. ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಬದಲಿಸಬೇಕು ಎಂದು ಅತ್ತೆ ಗಾಡಿಯ ಪುಸ್ತಕ ಓದಿ ಹೇಳಿದ್ದರು. ಮಾವ ‘ಆಮೇಲೆ’ ಎಂದು ಐದು ವರ್ಷವಾಗಿತ್ತು. ಹೋದ ಸೋಮವಾರ ಇಳಿಜಾರಿನಲ್ಲಿ ಪೆಡಲ್ ಮೆತ್ತಗೆ ತಳ ಮುಟ್ಟಿತು. ಗಾಡಿ ಯಾವ ಅವಸರವೂ ಇಲ್ಲದೆ ಬದನೆ ಸಸಿಯ ಎರಡು ಸಾಲು ದಾಟಿ ಬೇಲಿಗೆ ಒರಗಿ ನಿಂತಿತು.

ಅಂದಿನಿಂದ ಅತ್ತೆ ಮಾವನ ಜೊತೆ ಮಾತು ಬಿಟ್ಟರು. ಹೇಳುವುದನ್ನೆಲ್ಲ ಅಂಗಳದ ಮೇಕೆಗೆ ಹೇಳುತ್ತಿದ್ದರು. ಮಾವನೂ ಮೇಕೆಗೇ ಉತ್ತರ ಕೊಡುತ್ತಿದ್ದರು.

ಶುಕ್ರವಾರ ಮಧ್ಯಾಹ್ನ ಅತ್ತೆ ಹೇಳಿದರು: “ನೋಡು ಮೇಕೆ, ನಾಳೆ ಬೆಳಿಗ್ಗೆ ನಲವತ್ತು ಟ್ರೇ ಸಸಿ ಇಳಿಜಾರಿನ ಕೆಳಗಿನ ತೋಟಕ್ಕೆ ಮುಟ್ಟಬೇಕು. ನಾನೇ ಹಿಡಿದ ಮೊದಲನೇ ಆರ್ಡರ್ ಅದು. ತಪ್ಪಿತು ಅಂದ್ರೆ ಇನ್ನೊಂದು ಬರಲ್ಲ.”

ಮಾವ ಎದ್ದು ಚಕ್ರಗಳಿಗೆ ಕಲ್ಲು ಕೊಟ್ಟರು.

ಬ್ರೇಕ್ ಎಣ್ಣೆ ಬದಲಿಸುವ ಕೆಲಸ ಒಬ್ಬರಿಂದ ಆಗುವುದಲ್ಲ. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು. ಇನ್ನೊಬ್ಬರು ಚಕ್ರದ ಹಿಂದಿನ ಪುಟ್ಟ ತಿರುಪು ಸಡಿಲಿಸಿ ಹಳೆಯ ಎಣ್ಣೆಯನ್ನು ಕೊಳವೆಯಿಂದ ಬಾಟಲಿಗೆ ಬಿಡಬೇಕು. ತಿರುಪು ಬಿಗಿದ ಮೇಲೆಯೇ ಪೆಡಲ್ ಬಿಡಬೇಕು, ಇಲ್ಲವಾದರೆ ಗಾಳಿ ಒಳಹೊಗುತ್ತದೆ. ಹೊಸ ಎಣ್ಣೆ ಸುರಿಯುವ ಡಬ್ಬಿ ಖಾಲಿಯಾದರೂ ಅಷ್ಟೇ. ಮಾವ ಹಿಂದಿನ ಎಡಚಕ್ರದ ಬಳಿ ಮಲಗಿದರು. ಅತ್ತೆ ಸೀಟಿನಲ್ಲಿ ಕೂತರು.

“ಒತ್ತೋಕೆ ಹೇಳು, ಮೇಕೆ.”

“ಒತ್ತಾಯ್ತು ಅಂತ ಹೇಳು.”

“ಈಗ ಬಿಡಬಹುದು ಅಂತ ಹೇಳು.”

ಮೇಕೆ ಹುಲ್ಲು ಅಗಿಯುತ್ತಿತ್ತು. ಕೆಲಸ ಮಾತ್ರ ಸಲೀಸಾಗಿ ಸಾಗಿ ಮೂರು ಚಕ್ರ ಮುಗಿಯಿತು. ಹಳೆಯ ಕಾಫಿಯ ಬಣ್ಣದ ಎಣ್ಣೆ ಹೋಗಿ ಜೇನಿನ ಬಣ್ಣದ್ದು ಬಂತು. ನಾಲ್ಕನೆಯದರಲ್ಲಿ ಕೊಳವೆಯೊಳಗೆ ಗುಳುಗುಳು ಎಂದು ಬರೀ ಗುಳ್ಳೆ. ಮಾವ ಎದ್ದು ಸ್ಟೇರಿಂಗ್ ಮುಂದಿನ ಎಣ್ಣೆ ಡಬ್ಬಿ ನೋಡಿದರು. ತಳದಲ್ಲಿ ಒಂದು ಹನಿಯೂ ಇರಲಿಲ್ಲ.

“ಡಬ್ಬಿ ಖಾಲಿ ಆಗೋದು ಇವರಿಗೆ ಕಾಣಲಿಲ್ವೇನೋ, ಕೇಳು,” ಎಂದರು ಮೇಕೆಗೆ.

“ಕಾಣ್ದೆ ಏನು? ಮೆಲ್ಲಗೆ ಎರಡು ಸಲ ಹೇಳ್ದೆನಲ್ಲ, ಮೇಕೆ. ನೀನು ಮುಟ್ಟಿಸಿಲ್ಲ ಅಂದ್ರೆ ನಾನೇನು ಮಾಡ್ಲಿ?”

ಒಳಗೆಲ್ಲ ಗಾಳಿ ಸೇರಿತ್ತು. ಮತ್ತೆ ಮೊದಲನೆಯ ಚಕ್ರದಿಂದ ಶುರು. ಉಳಿದದ್ದು ಒಂದೇ ಬಾಟಲಿ ಎಣ್ಣೆ. ಇನ್ನೊಮ್ಮೆ ಗಾಳಿ ಹೊಕ್ಕರೆ ನಾಳೆಯ ಸಸಿ ಇಲ್ಲೇ ಬಾಡಬೇಕು. ಮಾವ ಮಲಗಿದರು. ಅತ್ತೆ ಡಬ್ಬಿಯ ಮೇಲೆ ಕಣ್ಣಿಟ್ಟು ಒತ್ತಿದರು. ಆರು ಸಲವಾದ ಮೇಲೆ ಐದು ದಿನದಲ್ಲಿ ಮೊದಲ ಬಾರಿಗೆ ನೇರವಾಗಿ ಕರೆದರು:

“ರೀ, ಅರ್ಧಕ್ಕೆ ಇಳೀತು. ಬಂದು ಎಣ್ಣೆ ಹಾಕಿ.”

“ಆಮೇ...” ಎಂದ ಮಾವ ಅಲ್ಲೇ ತಡೆದು ತಿರುಪು ಬಿಗಿದರು. ಎದ್ದ ರಭಸಕ್ಕೆ ತಲೆ ಗಾಡಿಯ ತಳಕ್ಕೆ ಬಡಿಯಿತು. ಹಣೆ ಉಜ್ಜಿಕೊಳ್ಳುತ್ತಲೇ ಬಂದು ಎಣ್ಣೆ ಸುರಿದರು.

“ಪೆಟ್ಟಾಯ್ತಾ?”

“ಆಮೇಲೆ ನೋಡೋಣ. ನೀನು ಒತ್ತು.”

ಸಂಜೆಗೆ ಪೆಡಲ್ ಕಲ್ಲಿನಂತೆ ಗಟ್ಟಿಯಾಯಿತು. ಅದೇ ಇಳಿಜಾರಿನಲ್ಲಿ ಮೂರು ಬಾರಿ ಪರೀಕ್ಷೆ ನಡೆಯಿತು. ಮೂರು ಬಾರಿಯೂ ಬದನೆ ಸಾಲಿಗೆ ನಾಲ್ಕು ಮಾರು ಇರುವಾಗಲೇ ಗಾಡಿ ನಿಂತಿತು. ಮೂರನೆಯದರಲ್ಲಿ ಅತ್ತೆಯೂ ಪಕ್ಕದಲ್ಲಿ ಕೂತಿದ್ದರು.

ಬೆಳಿಗ್ಗೆ ಮೂವತ್ತೊಂಬತ್ತು ಟ್ರೇ ಹೊತ್ತಿಗೆ ಸರಿಯಾಗಿ ತಲುಪಿತು. ಇಬ್ಬರೂ ಹಿಂದಿನ ಸಂಜೆ ಮಾತಿನಲ್ಲಿ ಮುಳುಗಿ ಮೇಕೆಯನ್ನು ಕಟ್ಟಲು ಮರೆತಿದ್ದರು.