ಎಂಬತ್ತು ವರ್ಷ ಆಳಿದ ಕೌಂಟ್

ನಾವು ಮಿಲ್ಪಿಟಾಸ್‌ಗೆ ಬಂದು ಏಳನೇ ವರ್ಷ. ಮೆನ್ಲೋ ಪಾರ್ಕ್‌ನ ಸಣ್ಣ ಕಂಪನಿಯೊಂದರಲ್ಲಿ ನಾನು ಡೇಟಾ ಎಂಜಿನಿಯರ್ ಆಗಿದ್ದೆ. ಹಳೆಯ ಚರ್ಮಪತ್ರಗಳನ್ನು ಓದಿ ಡೇಟಾಬೇಸಿಗೆ ಸೇರಿಸುವುದು ನಮ್ಮ ಕೆಲಸ. ಆ ವರ್ಷ ಲೈಬ್ರರಿಯೊಂದು ಮಧ್ಯಯುಗದ ಕತಲೂನ್ಯದ, ಅಂದರೆ ಸ್ಪೇನಿನ ಈಶಾನ್ಯ ಮೂಲೆಯ, ರಾಮೋನ್ ಎಂಬ ಕೌಂಟ್‌ನ ಮನೆತನದ ದಾಖಲೆಗಳನ್ನು ಕೊಟ್ಟಿತ್ತು. ಕೌಂಟ್ ಎಂದರೆ ನಮ್ಮ ಪಾಳೆಯಗಾರರಂಥ ಒಡೆಯ. ರಾಮೋನ್ ಚಿಕ್ಕವನಿದ್ದಾಗಲೇ ತಂದೆ ಸತ್ತು, ಅವನ ಹೆಸರಿನಲ್ಲಿ ಅಜ್ಜಿಯೇ ಆಳಿದಳು. ಅವನು ದೊಡ್ಡವನಾದ ಮೇಲೂ ಅವಳು ಕೋಟೆಗಳನ್ನು ಬಿಟ್ಟುಕೊಡಲಿಲ್ಲ. ಕೋಟೆಯ ಅಧಿಕಾರಿಗಳಿಂದ ಒಂದೊಂದಾಗಿ, ತನಗೇ ನಿಷ್ಠರಾಗಿರುತ್ತೇವೆಂಬ ಪ್ರಮಾಣಪತ್ರ ಬರೆಸಿಕೊಂಡು ಅವನು ಅಧಿಕಾರ ಹಿಡಿದ.

ಆ ಪತ್ರಗಳನ್ನು ಓದುತ್ತಿದ್ದವರು ಮಾರ್ತಾ, ಆ ನಾಡಿನವರೇ, ಅರವತ್ತರ ಹತ್ತಿರದ ವಿದ್ವಾಂಸೆ, ಕಾಂಟ್ರಾಕ್ಟ್ ಮೇಲಿದ್ದವರು. ಅವರು ಓದಿದ್ದರಿಂದ ಯಾರು ಯಾರ ಮಗ ಎಂದು ಜೋಡಿಸುವ ಪ್ರೋಗ್ರಾಂ ನನ್ನದು.

ಬುಧವಾರ ಬೆಳಿಗ್ಗೆ ಲೈಬ್ರರಿಯಿಂದ ಮೇಲ್ ಬಂತು: ನಿಮ್ಮ ರಾಮೋನ್ ಎಂಬತ್ತು ವರ್ಷ ಆಳಿದ್ದು ಹೇಗೆ?

ಮಧ್ಯಾಹ್ನದೊಳಗೆ ಕಾರಣ ಸಿಕ್ಕಿತು. ತಪ್ಪು ನನ್ನದೇ. ಆ ಪ್ರಮಾಣಪತ್ರಗಳಲ್ಲಿ ಗಂಡಸನ್ನು ಗುರುತಿಸುವುದು ತಾಯಿಯ ಹೆಸರಿನಿಂದ. ನಾನೋ ಮೈಸೂರಿನವಳು, ಇನಿಶಿಯಲ್ ಎಂದರೆ ಅಪ್ಪನ ಹೆಸರು ಎಂದೇ ಬೆಳೆದವಳು. ‘ಮಗ’ ಎಂಬುದರ ಜೊತೆ ಹೆಂಗಸಿನ ಹೆಸರು ಬಂದರೆ ಬಿಟ್ಟುಬಿಡು ಎಂದು ಪ್ರೋಗ್ರಾಮಿಗೆ ಹೇಳಿದ್ದೆ. ಕೌಂಟ್ ಆಗಿದ್ದ ಅಜ್ಜನೂ ರಾಮೋನ್, ಮೊಮ್ಮಗನೂ ರಾಮೋನ್. ತಾಯಂದಿರ ಹೆಸರು ಬಿಟ್ಟುಹೋದ ಮೇಲೆ ಡೇಟಾಬೇಸಿನಲ್ಲಿ ಇಬ್ಬರೂ ಒಬ್ಬನೇ ಆಗಿದ್ದರು. ನಾನೂ ಒಬ್ಬ ತಾಯಿ, ಥೂ!

ಅಷ್ಟರಲ್ಲಿ ಮ್ಯಾನೇಜರ್ ಪ್ರಸನ್ನ ಬಂದರು, ಬೆಂಗಳೂರಿನವರು. “ನೋಡಿ ಸುಧಾ, ಕ್ಲೈಂಟು ಕೂಗಾಡ್ತಿದ್ದಾರೆ. ಓದಿದ್ದು ಮಾರ್ತಾ. ಅವರೇ ತಪ್ಪು ಓದಿರ್ಬೇಕು, ಅಲ್ವಾ?”

ಕೋಲೆಬಸವನ ಹಾಗೆ ತಲೆಯಾಡಿಸಿದೆ.

ನನ್ನದು ಎಚ್‌-1ಬಿ ವೀಸಾ. ಕೆಲಸ ಹೋದರೆ ಅರವತ್ತು ದಿನದೊಳಗೆ ಇನ್ನೊಂದು ಕೆಲಸ ಹುಡುಕಬೇಕು, ಇಲ್ಲವೇ ದೇಶ ಬಿಡಬೇಕು. ಗಂಡ ಗುರು, ಡೇಕೇರಿನಲ್ಲಿದ್ದ ಮಗಳು, ಇಬ್ಬರೂ ನನ್ನ ವೀಸಾದ ಮೇಲೇ ಇದ್ದರು. ಸಂಜೆ ಗುರುವಿಗೆ ಎಲ್ಲ ಹೇಳಿದೆ. “ಹೇಳ್ಬೇಡ ಅನ್ನಲ್ಲ ಕಣೆ. ಆದ್ರೆ ಆ ಅರವತ್ತು ದಿನ ನೆನೆಸ್ಕೊಂಡ್ರೆ ಕೈಕಾಲು ಆಡಲ್ಲ,” ಎಂದ. ನನಗೂ ಅಷ್ಟೇ. ಹೇಳಿದರೆ ಮನೆಮಂದಿಯೆಲ್ಲ ಬೀದಿಗೆ, ಹೇಳದಿದ್ದರೆ ಮಾರ್ತಾ ಬೀದಿಗೆ.

ಗುರುವಾರ ಮಾರ್ತಾ ತಮ್ಮ ಟೇಬಲ್ಲಿನಲ್ಲಿ ಭೂತಗನ್ನಡಿ ಹಿಡಿದು ಮೊದಲ ಪತ್ರದಿಂದ ಮತ್ತೆ ಓದುತ್ತಿದ್ದರು. “ಎಲ್ಲಿ ತಪ್ಪಿದೆ ಅಂತಾನೇ ಗೊತ್ತಾಗ್ತಿಲ್ಲ ಸುಧಾ. ಆಪರೇಷನ್ ಆದ ಮೇಲೆ ನನ್ನ ಕಣ್ಣು ಕೈಕೊಟ್ಟಿರಬೇಕು,” ಎಂದರು. ನನ್ನ ಒಂದು ಮಾತು ಸಾಕಿತ್ತು. “ಟೀ ಕುಡೀತೀರಾ?” ಎಂದೆ.

ಶುಕ್ರವಾರ ತಡೆಯಲಾಗದೆ ಪ್ರಸನ್ನರ ಮುಂದೆ ನಿಂತು ಒಪ್ಪಿಕೊಂಡೆ. ಅವರು ಹಣೆ ಚಚ್ಚಿಕೊಂಡರು.

“ಅಯ್ಯೋ, ನಿನ್ನೆ ಸಾಯಂಕಾಲವೇ ಮಾರ್ತಾ ಕಾಂಟ್ರಾಕ್ಟು ಕ್ಲೋಸ್ ಆಯ್ತಲ್ರೀ! ಅವರ ಜಾಗಕ್ಕೆ ಬೇರೆಯವರೂ ಬಂದಾಯ್ತು. ನಿನ್ನೆ ಹೇಳ್ಬಾರ್ದಿತ್ತಾ? ಹೋಗ್ಲಿ, ಸೋಮವಾರದೊಳಗೆ ಫಿಕ್ಸ್ ಮಾಡಿಬಿಡಿ.”

ಅಷ್ಟೇ. ನನ್ನ ಕೆಲಸಕ್ಕೆ ಏನೂ ಆಗಲಿಲ್ಲ.

ಮಾರ್ತಾಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದು ಕಾದೆ. ಅವರು, “ಹಾಗಾದರೆ ನಾನು ಸರಿಯಾಗಿಯೇ ಓದಿದ್ದೆನಾ?” ಎಂದರು.

“ಒಂದಕ್ಷರವೂ ತಪ್ಪಿಲ್ಲ,” ಎಂದೆ. ಅವರು ಅಳುವುದು ಕೇಳಿಸಿತು.

ಪ್ರೋಗ್ರಾಮಿನ ತಪ್ಪನ್ನು ಸೋಮವಾರ ತಿದ್ದಿದರೂ ನಡೆಯುತ್ತದೆ. ಇನ್ನೊಬ್ಬರ ಮೇಲೆ ಬಂದ ಅಪವಾದವನ್ನು ಗೊತ್ತಾದ ದಿನವೇ ತೆಗೆಯಬೇಕು. ಈ ಕೆಲಸ ನನಗೆ ಕಲಿಸಿದ್ದು ಅದು. ಕಲಿತದ್ದು ನಾನು, ಕೆಲಸ ಹೋದದ್ದು ಮಾರ್ತಾ ಅವರದು.